ಲಾಜಿಕ್ ಸರ್ ಅವರ ದನಿ

ಪರಮಾನಂದ ಸರ್ ಇಂಡಿ ಪಟ್ಟಣದ ಕಾಲೇಜಿನಲ್ಲಿ ಹಾಜರಿ ಕರೆದರೆ ಹರದಾರಿಗಟ್ಟಲೆ ದೂರದ ಹೊರ್ತಿಯಲ್ಲಿ ಇನ್ನೂ ಮಲಗಿದ್ದ ಹುಡುಗರು ಹಾಸಿಗೆಯಲ್ಲೇ ‘ಎಸ್ ಸರ್’ ಎನ್ನುತ್ತಿದ್ದರು. ನಂಬದವರು ಹೊರ್ತಿಗೆ ಹೋಗಿ ವಿಚಾರಿಸಬಹುದು. ಅಲ್ಲಿಯ ಜನ ಸುಳ್ಳು ಹೇಳುವವರಲ್ಲ, ಆ ಕೆಲಸವನ್ನು ಈ ಸೀಮೆಯವರು ನನಗೊಬ್ಬನಿಗೇ ವಹಿಸಿಕೊಟ್ಟಿದ್ದಾರೆ. ದೇವರು ಆ ಮನುಷ್ಯನನ್ನು ಮಾಡುವಾಗ ಮೊದಲು ದನಿಯನ್ನು ಮಾಡಿ, ಉಳಿದ ಮಣ್ಣಿನಲ್ಲಿ ದೇಹವನ್ನು ಹೇಗೋ ಮುಗಿಸಿರಬೇಕು: ಐದಡಿಗೆ ಹೆದರಿ ನಿಂತ ನಿಲುವು, ಜೋಳದ ದಂಟಿನಂಥ ಕೈಕಾಲು, ಅವುಗಳ ಮೇಲೊಂದು ನಶ್ಯದ ಬಣ್ಣದ ಕೋಟು. ಮೇ ತಿಂಗಳಲ್ಲಿ ಡಾಂಬರು ಕರಗಿ ಚಪ್ಪಲಿ ಹಿಡಿದೆಳೆಯುವಾಗಲೂ ಆ ಕೋಟು ಅವರ ಮೈಯಿಂದ ಇಳಿದದ್ದನ್ನು ನಾನು ಕಾಣೆ. ಕೇಳಿದರೆ, “ಬಿಸಿಲು ಹೊರಗ ಐತಿ, ನಾ ಒಳಗ ಅದೇನಿ, ನಡುವ ಕೋಟು ಐತಿ. ಬಿಸಿಲಿಗೂ ನನಗೂ ಏನ್ರಿ ಸಂಬಂಧ?” ಎನ್ನುತ್ತಿದ್ದರು. ತರ್ಕಶಾಸ್ತ್ರ ಕಲಿಸುವವರೊಡನೆ ವಾದಕ್ಕಿಳಿಯಬಾರದೆಂದು ನಾನು ಅಂದೇ ಕಲಿತೆ.

ಸ್ಟಾಫ್ ರೂಮಿನಲ್ಲಿ ನಮಗಾರಿಗೂ ಹೆಸರಿರಲಿಲ್ಲ, ವಿಷಯಗಳಷ್ಟೇ ಇದ್ದವು. ಅವರು ಲಾಜಿಕ್, ನಾನು ಕನ್ನಡ. “ಏನ್ರಿ ಕನ್ನಡ, ಚಹಾ ಆತೇನ್ರಿ?” ಎಂದು ಅವರು ಬಾಗಿಲಲ್ಲಿ ನಿಂತು ಕೇಳಿದರೆ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನವನು ಒಲೆಯ ಮೇಲೆ ನೀರಿಡುತ್ತಿದ್ದ. ಲಾಜಿಕ್ ಸರ್ ಅವರ ಎಡಗೈ ಬೆನ್ನ ಹಿಂದೆ, ಬಲಗೈಯ ಎರಡು ಬೆರಳು ಕಾಣದ ಚಾಕ್‌ಪೀಸೊಂದನ್ನು ಹಿಡಿದಂತೆ ಗಾಳಿಯಲ್ಲಿ. ಹಾಗೆ ವರಾಂಡದಲ್ಲಿ ನಡೆದು ಬರುವಾಗ ಗಾಳಿಯ ಮೇಲೂ ಏನೋ ಬರೆದು ಅಳಿಸುತ್ತಿದ್ದಾರೆ ಎನಿಸುತ್ತಿತ್ತು. ಎದುರಿನವರು ಏನೇ ಹೇಳಲಿ, ಮಳೆ ಬಂತು ಎನ್ನಲಿ, ಮಗಳ ಲಗ್ನ ಗೊತ್ತಾಯಿತು ಎನ್ನಲಿ, ಅವರ ಉತ್ತರ ಒಂದೇ: “ಆತು, ಯಾಕ?” ಕನ್ಯೆಯರ ತಂದೆಯಂದಿರು ಅವರನ್ನು ಕಂಡರೆ ಓಣಿ ಬದಲಿಸುತ್ತಿದ್ದರು.

ಅವರನ್ನು ಕಾಲೇಜು ಬಿಡಿಸಿದ್ದೂ ಆ ‘ಯಾಕ’ವೇ. ಒಂದು ದಿನ ಅಂತಿಮ ವರ್ಷದ ತರಗತಿಯಲ್ಲಿ ‘ಮನುಷ್ಯರೆಲ್ಲ ಮರಣಶೀಲರು’ ಎಂದು ಹಲಗೆಯ ಮೇಲೆ ಬರೆದು, ತಿರುಗಿ ನಿಂತು, “ಆತು, ಯಾಕ?” ಎಂದರಂತೆ. ತಲೆಗಳೆಲ್ಲ ಒಮ್ಮೆಲೇ ಗೈಡಿನೊಳಗೆ ಮುಳುಗಿದವು. ಅವುಗಳಲ್ಲಿ ಒಂದು ತಲೆ ಮೇಲೆದ್ದು, “ಸರ, ಇದು ಪರೀಕ್ಷಾಕ್ಕ ಬರೂದಿಲ್ಲಂತ್ರಿ” ಎಂದಿತು. ಆ ದಿನ ಅವರು ಸ್ಟಾಫ್ ರೂಮಿಗೆ ಬಂದು, ಆರಿದ ಚಹಾವನ್ನು ಬದಿಗೆ ಸರಿಸಿದರು. ಆಮೇಲೆ, ಅವರ ಗಂಟಲಿನಿಂದ ಬರಲು ಸಾಧ್ಯವೇ ಎನಿಸುವಷ್ಟು ಸಣ್ಣಗೆ, “ಕನ್ನಡ, ನಿಂಬಿ ಗಿಡದ ಬೇರಿಗಿ ನೀರ ಹಾಕೂದ ಬಿಟ್ಟು ಇಷ್ಟು ವರ್ಷ ಎಲಿ ತೊಳಕೋತ ಕುಂತೇನ್ರಿ” ಎಂದರು.

ಆ ಬೇಸಿಗೆಯಲ್ಲೇ ಅವರು ಕಾಯಂ ನೌಕರಿಗೆ ಕೈಮುಗಿದು, ತಾವು ಹುಟ್ಟಿ ಬೆಳೆದ ಚರ್ಚಿನವರು ಹೊರ್ತಿ ರಸ್ತೆಯಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಹೋದರು. ಮೂರು ಕೋಣೆ, ತಗಡಿನ ಸೂರು, ಹಿಂದೆ ನಿಂಬೆಯ ತೋಟ. ಪದ್ಧತಿ ಮಾತ್ರ ಯುರೋಪಿನ ಹಳೆಯ ಕ್ರೈಸ್ತ ಮಠಗಳದ್ದು: ಚಿಕ್ಕವರಿಗೆ ಬೈಬಲಿನ ಕೀರ್ತನೆಗಳ ಬಾಯಿಪಾಠ ಮತ್ತು ಲ್ಯಾಟಿನ್, ನಡುವಿನವರಿಗೆ ತರ್ಕ, ದೊಡ್ಡವರಿಗೆ ನಾಲ್ಕು ಜನರೆದುರು ನಿಂತು ಮಾತಾಡುವ ವಿದ್ಯೆ. ಅವರ ಹೆಂಡತಿ, ನನಗೆ ಅತ್ತಿಗೆಯಂತಿದ್ದ ಜಯಮಾಲಾ ವೈನಿ, “ಕಾಲೇಜಿನ್ಯಾಗ ಯಾರೂ ಮಾತು ಕೇಳಲಿಲ್ಲಂತ, ಹಲ್ಲು ಬಿದ್ದ ಹುಡುಗರನ್ನ ಹುಡುಕ್ಕೊಂಡು ಹೊಂಟಾರ ನೋಡ್ರಿ ನಿಮ್ಮ ಲಾಜಿಕ್” ಎಂದು ನನ್ನೆದುರು ನಕ್ಕರು. ನಗುತ್ತಲೇ ಕೋಟಿಗೆ ಇಸ್ತ್ರಿ ಹಾಕಿಕೊಟ್ಟರು.

ಮೊದಲ ದಿನದ ಪ್ರಾರ್ಥನೆಗೆ ನನ್ನನ್ನೂ ಕರೆದೊಯ್ದಿದ್ದರು. ಆ ಶಾಲೆಯ ರೂಢಿಯೊಂದು ಅವರಿಗೆ ಗೊತ್ತಿರಲಿಲ್ಲ: ಗುರುಗಳು ನಿಂತು ಹೇಳಿದ್ದನ್ನೆಲ್ಲ ಮಕ್ಕಳು ಗಟ್ಟಿಯಾಗಿ ತಿರುಗಿ ಹೇಳಬೇಕು.

“ಮಕ್ಕಳೇ, ನಾನು ನಿಮ್ಮ ಹೊಸ ಗುರು” ಎಂದರು ಲಾಜಿಕ್ ಸರ್.

“ಮಕ್ಕಳೇ, ನಾನು ನಿಮ್ಮ ಹೊಸ ಗುರು!” ಎಂದಿತು ಅಂಗಳ.

“ಏ, ಸುಮ್ಮಿರ್ರಿ!”

“ಏ, ಸುಮ್ಮಿರ್ರಿ!”

ಕೆಮ್ಮಿದರು, ಅಂಗಳವೆಲ್ಲ ಕೆಮ್ಮಿತು. ಬೆವರು ಒರೆಸಿಕೊಂಡು “ಅಯ್ಯೋ ದೇವರೇ” ಎಂದರು. ಮಕ್ಕಳು ಅದನ್ನು ಕೈಜೋಡಿಸಿ ಹೇಳಿ, ಭಕ್ತಿಯಿಂದ ‘ಆಮೆನ್’ ಸೇರಿಸಿದರು. ನಾನು ನಿಂಬೆ ಗಿಡದ ಬುಡದಲ್ಲಿ ಬಿದ್ದು ಉರುಳಾಡಿ ನಗುತ್ತಿದ್ದೆ. ಮುಳ್ಳು ಚುಚ್ಚಿದ ಗುರುತು ಈಗಲೂ ಬೆನ್ನಲ್ಲಿದೆ, ಬೇಕಾದವರು ನೋಡಬಹುದು. ಕಡೆಗೆ ಮುಂದಿನ ಸಾಲಿನ ಪಲ್ಲವಿ ಎಂಬ ಗಿಡ್ಡ ಜಡೆಯ ಹುಡುಗಿಯೊಂದು ಎದ್ದು, “ಸರ, ನೀವು ಕುಂತ್ರ ನಾವು ಅನ್ನೂದಿಲ್ರಿ” ಎಂದು ದಾರಿ ತೋರಿಸಿತು.

ವರ್ಷ ತುಂಬುವುದರೊಳಗೆ ಶಾಲೆಗೆ ಶಾಲೆಯೇ ಪರಮಾನಂದಮಯವಾಯಿತು. ನೀರಿನ ನಲ್ಲಿಗೆ ಹೋಗುವ ಮಕ್ಕಳ ಸಾಲು ಎಡಗೈ ಬೆನ್ನ ಹಿಂದಿಟ್ಟುಕೊಂಡು ನಡೆಯುತ್ತಿತ್ತು. ತೋಟದ ಬೇಲಿಯಾಚೆ ಮೇಯುವ ಎಮ್ಮೆಗಳು ಲ್ಯಾಟಿನ್ನಿನ ವಿಭಕ್ತಿಗಳನ್ನು ಕೇಳಿ ಕೇಳಿ ಅದೇ ಲಯದಲ್ಲಿ ಮೆಲುಕು ಹಾಕತೊಡಗಿದ್ದವು. ಆದರೆ ‘ಆತು, ಯಾಕ?’ ಎಂಬುದು ಬೇಲಿ ದಾಟಿ ಮನೆಗಳಿಗೆ ಹೋದಾಗ ಗದ್ದಲವೆದ್ದಿತು. ಪಲ್ಲವಿಯ ಅಜ್ಜಿ ಗುಂಡವ್ವ ಒಂದು ಮುಂಜಾನೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡೇ ಬಂದಳು. “ಏನ ಕಲಸಾಕತ್ತೀರಿ ಸರ? ರೊಟ್ಟಿ ತಿನ್ನವ್ವ ಅಂದ್ರ ‘ಆತು, ಯಾಕ’ ಅಂತೈತಿ. ಹಸಿವ್ಯಾಗೈತಿ ತಿನ್ನು ಅಂದ್ರ ‘ನನ್ನ ಹಸಿವಿ ನಿನಗ ಹ್ಯಾಂಗ ಗೊತ್ತಾತು’ ಅಂತೈತಿ. ಮಾತು ಮುಗಿಯೂದ್ರಾಗ ರೊಟ್ಟಿ ಹಂಚಾಗಿ ಕುಂತಿರ್ತೈತ್ರಿ!”

ಶಾಲೆಯ ಕಾರ್ಯದರ್ಶಿ ಪ್ರೇಮಕುಮಾರ, ಪಂಪ್‌ಸೆಟ್ಟಿನ ಅಂಗಡಿಯವರು, ಇಂಥದಕ್ಕೇ ಕಾದಿದ್ದರು. “ಮೊದಲ ಗಿಳಿ ಪಂಜರ ಇತ್ತು, ಈಗ ಗಿಳಿ ಎದುರು ಮಾತಾಡಾಕತ್ತಾವ. ಲ್ಯಾಟಿನ್ ಕಲ್ತ್ರ ನಿಂಬಿಹಣ್ಣು ದಪ್ಪ ಆಗ್ತಾವೇನ್ರಿ?” ಎಂದು ಚರ್ಚಿನ ಹಿರಿಯರನ್ನು ಒಪ್ಪಿಸಿ, ಪಾಲಕರನ್ನೆಲ್ಲ ಕರೆಸಿದರು. ಪಾಲಕರು ಬೇಡವೆಂದರೆ ಲ್ಯಾಟಿನ್ನೂ ಹೋಯಿತು, ತರ್ಕವೂ ಹೋಯಿತು, ಅವುಗಳ ಜೊತೆಗೆ ಪರಮಾನಂದ ಸರ್ ಕೂಡ. ಜೂನಿನಿಂದ ಅದು ಊರಿನ ಉಳಿದ ಹತ್ತು ಶಾಲೆಗಳಂತೆ ಇನ್ನೊಂದು ಶಾಲೆ.

ಸರಿಯಾಗಿ ಅದೇ ವಾರ ಆ ದನಿ ಹೋಯಿತು. ನೆಗಡಿಯಲ್ಲ, ಜ್ವರವಲ್ಲ, ಜೀವಮಾನವಿಡೀ ಮೈಕನ್ನು ಅವಮಾನಿಸಿದ ಗಂಟಲು ಒಂದು ಮುಂಜಾನೆ ಅಂಗಡಿ ಮುಚ್ಚಿತು. ವಿಜಯಪುರದ ಡಾಕ್ಟರು ಗಂಟಲೊಳಗೆ ಗಂಟು ಕಟ್ಟಿದೆಯೆಂದು ತಿಂಗಳುಗಟ್ಟಲೆ ಮೌನ ವಿಧಿಸಿದರು. “ನಾ ಇಷ್ಟು ವರ್ಷ ಬಡಕೊಂಡ್ರೂ ಆಗಲಾರದ್ದು ಡಾಕ್ಟರ್ ಒಂದ ಮಾತಿನ್ಯಾಗ ಮಾಡಿದ್ರು” ಎಂದ ಜಯಮಾಲಾ ವೈನಿ, ನಗಲು ಹೋಗಿ, ಅಡಿಗೆಮನೆಗೆ ಎದ್ದು ಹೋದರು.

ಪಾಲಕರ ಸಭೆ ಶನಿವಾರ ಮುಂಜಾನೆ ಸೇರಿತು. ಮಕ್ಕಳು ನೆಲದ ಮೇಲೆ, ಹಿರಿಯರು ಬೆಂಚಿನ ಮೇಲೆ, ನಾನು ಕಿಟಕಿಯ ಕಟ್ಟೆಯ ಮೇಲೆ. “ಯಾಕ ಬೇಕ್ರಿ ನಮಗ ಈ ಸಾಲಿ? ನೀವಾ ಹೇಳ್ರಿ” ಎಂದಳು ಗುಂಡವ್ವ. ಲಾಜಿಕ್ ಸರ್ ಎದ್ದು ನಿಂತರು. ಬಾಯಿ ತೆರೆದರು. ಬಂದದ್ದು ತೂತು ಬಿದ್ದ ಟ್ಯೂಬಿನ ಗಾಳಿ. ಹಿಂದಿನ ಬೆಂಚಿನಿಂದ ಯಾರೋ ಪಕ್ಕನೆ ನಕ್ಕರು. ಆದರೆ ಅವರು ನಿಂತಿದ್ದರಲ್ಲ! ಮುಂದಿನ ಸಾಲಿನ ಮಕ್ಕಳಿಗೆ ಆ ಪಿಸುಮಾತು ಮುಟ್ಟಿತು, ರೂಢಿ ಬಿಡಲಿಲ್ಲ, ತಗಡಿನ ಸೂರು ಗುಡುಗಿತು:

“ಕಾಲೇಜಿನ್ಯಾಗ ನಾನು ಬಾಳ ವರ್ಷ ಮಾತಾಡೇನಿ!”

ಹಲ್ಲು ಬಿದ್ದ ಬಾಯಿಗಳು ಹೀಗೆಂದಾಗ ಪಾಲಕರು ಗೊಳ್ಳೆಂದರು. ಸರ್ ನಿಲ್ಲಿಸಲಿಲ್ಲ. ಅವರದೊಂದು ಪಿಸುಮಾತು, ಮಕ್ಕಳದೊಂದು ಗರ್ಜನೆ.

“ಅಲ್ಲೆ ಯಾರೂ ನನಗ ‘ಯಾಕ’ ಅನಲಿಲ್ಲ!”

“ಇಲ್ಲೆ ನಿಮ್ಮ ಮಕ್ಕಳು ಅಂತಾರ!”

“ಅದನ್ನ ಕೇಳಾಕ ಬಂದಿದ್ದೆ!”

ನಗು ಅಷ್ಟರಲ್ಲಿ ಕಡಿಮೆಯಾಗಿತ್ತು. ಸರ್ ಕೋಟಿನ ಗುಂಡಿ ಹಾಕಿಕೊಂಡು ಇನ್ನೊಂದು ಮಾತು ಪಿಸುಗುಟ್ಟಿದರು.

“ನನ್ನ ದನಿ ಹೋಗೈತಿ! ಅದಕ್ಕ ನಾ ಸಾಲಿ ಬಿಡ್ತೇನಿ!” ಎಂದರು ಮಕ್ಕಳು, ಅಷ್ಟೇ ಉತ್ಸಾಹದಿಂದ.

ಒಂದು ಬಾಯಿ ಮಾತ್ರ ಅನ್ನಲಿಲ್ಲ. ಪಲ್ಲವಿ ಎದ್ದು ನಿಂತು, ಎಡಗೈ ಬೆನ್ನ ಹಿಂದಿಟ್ಟು, “ಈ ತರ್ಕ ಕೂಡೂದಿಲ್ರಿ ಸರ” ಎಂದಿತು. “ದನಿ ಹೋಗಿದ್ರ ಹಿಂದಿನ ಬೆಂಚಿಗಿ ಹ್ಯಾಂಗ ಕೇಳ್ತು? ಕೇಳೈತಿ. ಅಂದಮ್ಯಾಲ ಹೋಗಿಲ್ಲ. ಹೋಗಿಲ್ಲಂದ್ರ ಬಿಡೂದು ಯಾಕ?”

ಸರ್ ನಿಂತಲ್ಲೇ ಕುರ್ಚಿಗಾಗಿ ಕೈಯಾಡಿಸಿದರು. ಅವರು ಕೂತದ್ದರಿಂದ ಮುಂದಿನದನ್ನು ಯಾರೂ ತಿರುಗಿ ಹೇಳಲಿಲ್ಲ. ಕಣ್ಣೀರಿಗೆ ಅಂಥ ರೂಢಿಯೂ ಇಲ್ಲ. ಗುಂಡವ್ವ ಪ್ರೇಮಕುಮಾರರ ಕಡೆ ತಿರುಗಿ, “ನನ್ನ ಮೊಮ್ಮಗಳ್ರಿ ಅದು. ಉತ್ತರ ಕೊಡ್ರಿ ಅದಕ್ಕ” ಎಂದಳು, ರೊಟ್ಟಿಯ ದೂರನ್ನು ತಾನೇ ಕೊಟ್ಟವಳೆಂಬುದನ್ನು ಪೂರಾ ಮರೆತು. ಪ್ರೇಮಕುಮಾರರು ಎದ್ದು ಚಪ್ಪಲಿ ಹುಡುಕುತ್ತ, “ಈ ವರ್ಷ ನಡೀಲಿ. ಮುಂದಿಂದು ಮುಂದ ನೋಡೂಣು” ಎಂದರು. ಆ ‘ಮುಂದ’ ಇಂದಿನವರೆಗೂ ಬಂದಿಲ್ಲ.

ದನಿ ಆಮೇಲೆ ಮರಳಿತು, ಸೊಳ್ಳೆಯ ಗಾತ್ರದಲ್ಲಿ. ಕ್ಯಾಂಟೀನಿನವನು ಈಗ ಯಾವಾಗ ನೀರಿಡಬೇಕೆಂದು ತಿಳಿಯದೆ ಕೂತಿರುತ್ತಾನೆ. ಹೊರ್ತಿಯ ಟೆಂಪೋದಲ್ಲಿ ನಾನು ಆ ರಸ್ತೆ ಹಾಯುವಾಗ ನಿಂಬೆ ತೋಟದಾಚೆಯಿಂದ ಎಳೆಯ ಗಂಟಲುಗಳ ಗದ್ದಲ ಕೇಳುತ್ತದೆ, ನಮ್ಮ ಹಳೆಯ ಸ್ಟಾಫ್ ರೂಮು ಕಣ್ಣೆದುರು ಬಂದು ಹೋಗುತ್ತದೆ. ಹೇಳಿದ್ದನ್ನು ತಿರುಗಿ ಹೇಳಿಸುವ ಗುರುಗಳು ಊರಿಗೊಂದು ಹಿಂಡು ಸಿಗುತ್ತಾರೆ, ನಾನೂ ಆ ಹಿಂಡಿನವನೇ. ಲಾಜಿಕ್ ಸರ್ ಅವರ ಜಾತಿಯವರು ಅಪರೂಪ. ಅವರು ತಮ್ಮ ದನಿಯನ್ನೆಲ್ಲ ಸಾಲಸಾಲಾಗಿ ಕೂತ ಗಂಟಲುಗಳಿಗೆ ಸುರಿದು ಬರಿದಾಗುತ್ತಾರೆ, ಮತ್ತು ಅವುಗಳಲ್ಲಿ ಒಂದಾದರೂ ತಮ್ಮ ಮಾತನ್ನು ತಿರುಗಿ ಹೇಳದೆ, ಎದ್ದು ನಿಂತು, ತಮ್ಮನ್ನೇ ಸೋಲಿಸುವ ದಿನಕ್ಕಾಗಿ ಕಾಯುತ್ತಾರೆ.