ಗಟ್ಟಿಯಾಗಿ ಹೊಲಿದ ಗುಂಡಿ

೧
ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಹರಿದಾಗ ಏಳುವ ವಾಸನೆಯಿಂದ ಶುರು ಮಾಡಲೇ? ನಮ್ಮ ದರ್ಜಿ ಆ ವಾಸನೆಯಲ್ಲೇ ಬೆಳೆದವಳು, ಅಪ್ಪನ ಅಂಗಡಿಯಲ್ಲಿ. (ಚೆನ್ನಾಗಿದೆ. ಆದರೆ ಇದು ಹೆದರಿಕೆಯ ಕಥೆ. ಹೀಗೆ ಆರಂಭಿಸಿದರೆ ಓದುಗರನ್ನು ಏಮಾರಿಸಿದಂತೆ. ಹೊಡೆದುಹಾಕಿದೆ.)

೨
ಗುಂಡಿಯಿಂದ ಶುರು ಮಾಡೋಣ. ದರ್ಜಿಯ ಒಂಬತ್ತು ವರ್ಷದ ಮಗಳು ಶಾಲೆಯಿಂದ ಬಂದಾಗ ಅಂಗಿಯ ಕುತ್ತಿಗೆಯ ಬಳಿಯ ಗುಂಡಿ ಇರಲಿಲ್ಲ. ಆ ವಾರದಲ್ಲಿ ಮೂರನೇ ಸಲ.

"ಎಲ್ಲಿ ಹೋಯ್ತೇ?"

"ಬಿದ್ದೋಯ್ತು ಕಣಮ್ಮ."

"ಗುಂಡಿ ನುಂಗ್ತೀಯೇನೇ ನೀನು?"

ಅಮ್ಮ ನಕ್ಕಳು. ಮಗಳು ನಗಲಿಲ್ಲ. ದರ್ಜಿಯ ಕಣ್ಣಿಗೆ ಬಿದ್ದದ್ದು ಹೊಲಿಗೆ ಮಾತ್ರ. ಒಳಗೊಂದು ಬಟ್ಟೆಯ ಪಟ್ಟಿ ಕೊಟ್ಟು, ನಾಲ್ಕೆಳೆ ದಾರದಲ್ಲಿ ಬಿಗಿದಳು. "ಇನ್ನು ಆನೆ ಎಳೆದ್ರೂ ಬರಲ್ಲ!"

(ಬೇಡವೆಂದು ಈ ಕಥೆ ಬರೆಯುವ ಮುದುಕಿ ನಾನು ಕೂಗಿದೆ. ಅವಳಿಗೆ ಕೇಳಿಸಲಿಲ್ಲ.)

೩
ಮರುದಿನ ಗುಂಡಿ ಕಿತ್ತು ಬರಲಿಲ್ಲ. ಮಗಳ ಕುತ್ತಿಗೆಯ ಹಿಂದೆ ಕಾಲರ್ ಕೊರೆದ ಕೆಂಪು ಗೆರೆಯಿತ್ತು.

ಇಷ್ಟು ದಿನ ಯಾರೋ ಎಳೆದಾಗ ಗುಂಡಿ ಕಿತ್ತು ಬರುತ್ತಿತ್ತು, ಹುಡುಗಿ ತಪ್ಪಿಸಿಕೊಳ್ಳುತ್ತಿದ್ದಳು. ಆ ಒಂದು ದಾರಿಯನ್ನು ತಾನೇ ಹೊಲಿದು ಮುಚ್ಚಿದ್ದೇನೆ ಎಂದು ತಾಯಿಗೆ ಹೊಳೆಯಿತು.

೪
ಡ್ರಾಫ್ಟ್ ಒಂದು: "ನೀನೂ ನಾಲ್ಕು ಬಾರಿಸೋಕೇನಾಗಿತ್ತು?" ಎಂದು ತಾಯಿ ಗದರುತ್ತಾಳೆ. ಮಗಳು ಮತ್ತೆಂದೂ ಬಾಯಿ ಬಿಡುವುದಿಲ್ಲ. ಹರಿದೆ.

ಡ್ರಾಫ್ಟ್ ಎರಡು: ಕತ್ತರಿ ಹಿಡಿದೇ ಶಾಲೆಗೆ ನುಗ್ಗುತ್ತಾಳೆ. (ಸಿನಿಮಾ!) ಅಷ್ಟರಲ್ಲಿ ಮಗಳೇ ನನ್ನ ಪೆನ್ನು ಹಿಡಿದಳು.

"ಬೇಡ ಅಜ್ಜಿ. ಅಮ್ಮ ಕೂಗಾಡಿ ಮನೆಗೆ ಬರ್ತಾಳೆ. ನಾಳೆ ಕ್ಲಾಸಲ್ಲಿ ಕೂರೋಳು ನಾನು."

"ಮತ್ತೇನು ಬರೀಲಿ, ಪುಟ್ಟಾ?"

"ಅಮ್ಮ ಮೆಷಿನ್ ನಿಲ್ಲಿಸ್ಲಿ. ಅಷ್ಟೇ."

೫
ನಿಲ್ಲಿಸಿದಳು. ಪಕ್ಕದಲ್ಲಿ ಬಂದು ಕೂತಳು.

"ತಪ್ಪು ನಿಂದಲ್ಲ, ಕಂದಾ. ನಿಂಗೆ ಹೇಳ್ಬೇಕು ಅನ್ಸೋವರೆಗೂ ಇಲ್ಲೇ ಇರ್ತೀನಿ."

ಮಗಳು ನೆಲದ ಮೇಲಿನ ಬಟ್ಟೆಚೂರೊಂದನ್ನು ಎತ್ತಿಕೊಂಡಳು.

"ನೀನು ಹೊಲಿದು ಉಳಿದ ಚಿಂದಿ ನಾನಂತೆ. ನಮ್ಮ ಕ್ಲಾಸಿನ ಮೂರು ಜನ. ಮೆಟ್ಟಿಲ ಕೆಳಗೆ ಎಳ್ಕೊಂಡು ಹೋಗ್ತಾರೆ. ಯಾರಿಗಾದ್ರೂ ಹೇಳಿದ್ರೆ..."

ತಾಯಿ ದಿನ, ಜಾಗ ಎಲ್ಲ ಬರೆದಿಟ್ಟುಕೊಂಡಳು.

"ಶಾಲೇಲಿ ನಾನು ಹೇಳ್ಲಾ, ನೀನು ಹೇಳ್ತೀಯಾ?"

"ನೀನು ಹೇಳು. ನಾನು ಪಕ್ಕದಲ್ಲಿರ್ತೀನಿ."

೬
ಹೇಳಿಯೂ ಆಯಿತು. ಈಗ ಇಬ್ಬರೂ ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗೆ ಬೆಂಚಿನ ಮೇಲಿದ್ದಾರೆ. ಒಳಗೆ ಆ ಮೂವರ ಹೆತ್ತವರು. "ಮಕ್ಕಳಾಟ ಬಿಡಿ ಮೇಡಂ" ಎಂಬ ದನಿ, ಹಿಂದೆಯೇ ನಗು. ಮಗಳ ಉಗುರು ತಾಯಿಯ ಮುಂಗೈಗೆ ಇಳಿಯುತ್ತಿದೆ.

ಬಾಗಿಲು ತೆರೆಸಿ ಎಲ್ಲರಿಂದ ಕ್ಷಮೆ ಕೇಳಿಸಬಲ್ಲೆ. ಎರಡು ಸಾಲಿನ ಕೆಲಸ. ಆದರೆ ನಾಳೆ ಆ ಮೆಟ್ಟಿಲ ಹತ್ತಿರ ನಾನಿರುವುದಿಲ್ಲ. ನನ್ನ ಎರಡು ಸಾಲನ್ನು ನಂಬಿ ಈ ಮಗುವನ್ನು ಅಲ್ಲಿಗೆ ಕಳಿಸಲಾರೆ. ಬಾಗಿಲು ಮುಚ್ಚಿಯೇ ಇರಲಿ.

ಊಟದ ಗಂಟೆ ಹೊಡೆಯಿತು. ಶಾಲೆಯ ಆಯಾ ಬಂದಳು. ತನ್ನ ಊಟದ ಡಬ್ಬಿಯನ್ನು ಮುಚ್ಚಳ ತೆಗೆದು ಮಗಳ ತೊಡೆಯ ಮೇಲಿಟ್ಟು, ಎಲ್ಲಿಂದಲೋ ಹುಡುಕಿ ತಂದ ಎರಡನೇ ಚಮಚವನ್ನು ತಾಯಿಯ ಕೈಗೆ ಕೊಟ್ಟಳು.