ಬೋಲ್ಟಿನ ಮೇಲಿನ ಕೆಂಪು ಗೀರು

ಧೂಳಮ್ಮನಿಗೆ ಯಾರನ್ನಾದರೂ ನಂಬುವುದೆಂದರೆ ಮೈಮೇಲೆ ಹಲ್ಲಿ ಬಿದ್ದ ಹಾಗೆ. ಅದಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಹೋದ ವರ್ಷ ಯಾವನೋ ಗ್ಯಾರೇಜಿನವನು ಅವಳ ಪಿಕಪ್ ಗಾಡಿಯ ಹೊಸ ಬ್ಯಾಟರಿ ಬಿಚ್ಚಿಕೊಂಡು, ಅದೇ ಬಣ್ಣದ ಹಳೆಯದೊಂದನ್ನು ಕೂರಿಸಿ ಕಳಿಸಿದ್ದ. ಮಗ ಓಂಪ್ರಕಾಶನಿಗೆ ಅನುಮಾನ ಬಂದು ಕೇಳಲು ಹೋದರೆ, "ಯಾವ ಬ್ಯಾಟರಿ?" ಎಂದು ಆಸಾಮಿ ಚಹಾ ಕುಡಿಯುತ್ತಾ ಕೂತಿದ್ದ. ಅಂದಿನಿಂದ ಗಾಡಿ ಎಲ್ಲಿ ರಿಪೇರಿಗೆ ನಿಂತರೂ ಧೂಳಮ್ಮನೂ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಹಿಂಡಿನ ಒಂದೊಂದು ಕುರಿಯನ್ನೂ ಮುಖ ನೋಡಿ ಹೇಳಬಲ್ಲ ಹೆಂಗಸು ಅವಳು. ಆದರೆ ಎಂಜಿನ್ನಿನೊಳಗಿನ ಸಾಮಾನೆಲ್ಲ ಅವಳಿಗೆ ಒಂದೇ ಕರಿ ಮುಖದವಾಗಿ ಕಾಣುತ್ತಿದ್ದವು. ಅದೇ ಅವಳ ಸಂಕಟ.

ಈ ಸಲ ಕೆಟ್ಟಿದ್ದು ಎಂಜಿನ್ನೇ. ಮುಂಭಾಗದಲ್ಲಿ ಬೆಲ್ಟುಗಳನ್ನು ತಿರುಗಿಸುವ ದೊಡ್ಡ ಪುಲ್ಲಿಯ ಹಿಂದಿನಿಂದ ಎಣ್ಣೆ ಸೋರುತ್ತಿತ್ತು. ಗಂಡ ಅಮೋಘಸಿದ್ದಪ್ಪ ರಾಜೇಶ್ವರದ ಹೊಲವೊಂದರಲ್ಲಿ ಸುತ್ತ ಬಲೆ ಕಟ್ಟಿ ಹಿಂಡು ತರುಬಿಕೊಂಡು ಕಾಯುತ್ತಿದ್ದ. ಅಲ್ಲಿಂದ ಹಿಂಡು ನಿರ್ಣಾದ ಹೊಲಗಳಿಗೆ ಹೊರಡಬೇಕಿತ್ತು. ದೊಡ್ಡ ಕುರಿಗಳು ನಡೆದಾವು, ಆದರೆ ಈಗಷ್ಟೇ ಈದ ಕುರಿಗಳಿಗೂ ಎಳೆ ಮರಿಗಳಿಗೂ ಗಾಡಿಯೇ ಬೇಕು. ಎಂಜಿನ್ ಸರಿಯಾಗಬೇಕು, ತನ್ನ ಸಾಮಾನಿನ ಸಮೇತ ಇಡಿಯಾಗಿ ವಾಪಸು ಬರಬೇಕು. ಧೂಳಮ್ಮನ ಜೀವವೆಲ್ಲ ಅದರ ಮೇಲಿತ್ತು.

ಮೊದಲು ಹುಮನಾಬಾದಿನಲ್ಲಿ ತೋರಿಸಿದರು. ಅಲ್ಲಿಯ ಮಿಸ್ತ್ರಿ ಪುಲ್ಲಿಯ ನಡುವಿನ ಬೋಲ್ಟ್ ಬಿಚ್ಚಲು ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಉದ್ದನೆಯ ಪೈಪು ಸಿಕ್ಕಿಸಿ ಜೋತುಬಿದ್ದ, ಬೆಂಕಿ ಹಚ್ಚಿ ಕಾಯಿಸಿದ, ಗಾಳಿಯ ಒತ್ತಡದಿಂದ ಬೋಲ್ಟು ತಿರುಗಿಸುವ ಗನ್ನು ಹಿಡಿದು ದಡದಡ ಬಡಿದ. ಬೋಲ್ಟು ಮಿಸುಕಲಿಲ್ಲ. "ಎಂಜಿನ್ನೇ ಇಳಸಬೇಕ್ರಿ. ಗಾಡಿ ಇಲ್ಲೇ ಬಿಟ್ಟು ಹೋಗ್ರಿ" ಎಂದ. ಬಿಟ್ಟು ಹೋಗ್ರಿ ಎನ್ನುವ ಮಾತು ಕೇಳಿದ್ದೇ ತಡ, ಧೂಳಮ್ಮ ಗಾಡಿಗೆ ಹಗ್ಗ ಕಟ್ಟಿಸಿ ಬಸವಕಲ್ಯಾಣದ ಆಟೋನಗರಕ್ಕೆ ಎಳೆಸಿಕೊಂಡು ಬಂದಳು.

ಅಲ್ಲಿ ಯೂನುಸ್ ಮತ್ತು ಬಸವರಾಜ ಎಂಬಿಬ್ಬರ ಪಾಲುದಾರಿಕೆಯ ಅಂಗಡಿ. ಮೀಸೆ ಚಿಗುರುವ ಮುಂಚಿನಿಂದ ಒಟ್ಟಿಗೆ ಪಾನಾ ಹಿಡಿದವರು. ಯೂನುಸ್ ಮಾತಿನವನು, ಬಸವರಾಜ ಮೂಗ ಎನ್ನುವಷ್ಟು ಸುಮ್ಮನಿರುವವನು. ಧೂಳಮ್ಮ ಒಳಗೆ ಕಾಲಿಡುತ್ತಲೇ ಗೂಡಿನಲ್ಲಿದ್ದ ಕೆಂಪು ನೇಲ್ ಪಾಲಿಶ್ ಸೀಸೆಯನ್ನು ನೋಡಿದಳು. ಗಂಡಸರ ಗ್ಯಾರೇಜಿನಲ್ಲಿ ಹೆಣ್ಣುಮಕ್ಕಳ ಉಗುರಿನ ಬಣ್ಣ ಯಾಕೆ? ಅನುಮಾನದ ಮೊದಲ ಹುಳ ಅಲ್ಲೇ ಹೊಟ್ಟೆಗಿಳಿಯಿತು.

ಯೂನುಸ್ ಬೋಲ್ಟು ನೋಡಿ ನಕ್ಕ. ಒಳಗಿನಿಂದ ಒಂದು ಸಾಕೆಟ್ ತಂದ. ಸಾಕೆಟ್ ಎಂದರೆ ಬೋಲ್ಟಿನ ತಲೆಗೆ ತೊಡಿಸುವ ಕಬ್ಬಿಣದ ಟೋಪಿ, ಧೂಳಮ್ಮ ಎಷ್ಟೋ ನೋಡಿದ್ದಳು. ಆದರೆ ಇದಕ್ಕೆ ಸುತ್ತಲೂ ದಪ್ಪನೆಯ ಕಬ್ಬಿಣದ ಬಳೆ ಕೂಡಿಸಿ ಎರಕ ಹೊಯ್ದ ಹಾಗಿತ್ತು. ಕೈಗೆ ಕೊಟ್ಟಾಗ ಕೈ ಜಗ್ಗಿ ಕೆಳಗಿಳಿಯಿತು.

"ತೆಳ್ಳನ ಸಾಕೆಟ್ ಹಾಕಿದ್ರ ಗನ್ನಿನ ಪೆಟ್ಟು ಅದರಾಗೇ ಕರಗಿ ಹೋಗ್ತದ್ರಿ ಅಮ್ಮಾ. ಅದು ಜರಾ ತಿರುಚಿಕೊಂತದ, ಮತ್ತ ಸೆಟದು ನಿಲ್ತದ. ಬೋಲ್ಟಿಗೆ ಬರೇ ಸಪ್ಪಳ ಮುಟ್ತದ. ಇದು ಭಾರ ಅದ. ಪೆಟ್ಟು ಪೂರಾ ಬೋಲ್ಟಿಗೇ ಹೋಗ್ತದ."

ಈ ಮಾತು ಧೂಳಮ್ಮನಿಗೆ ಸಲೀಸಾಗಿ ತಿಳಿಯಿತು. ಕುರಿ ತರುಬುವಾಗ ಬಲೆಯ ಗೂಟವನ್ನು ಸಣ್ಣ ಕಲ್ಲಿನಿಂದ ಹೊಡೆದರೆ ಕೈ ಜುಮ್ಮೆನ್ನುವುದೇ ಹೊರತು ಗೂಟ ಇಳಿಯುವುದಿಲ್ಲ. ಕೊಡತಿ ಎತ್ತಿ ಒಂದು ಕೊಟ್ಟರೆ ಇಳಿಯುತ್ತದೆ. ಆದರೂ ಯೂನುಸ್ ಗನ್ನು ಒತ್ತಿದ್ದೇ ಒಂದೆರಡು ಉಸಿರಿನೊಳಗೆ ಬೋಲ್ಟು ಗಿರ್ರನೆ ತಿರುಗಿ ಹೊರಬಂದಾಗ ಅವಳಿಗೆ ಸಂತೋಷವಾಗಲಿಲ್ಲ, ಅನುಮಾನವೇ ಹೆಚ್ಚಾಯಿತು. ಒಬ್ಬ ಎರಡು ದಿನ ಬೆವರು ಸುರಿಸಿದರೂ ಬಾರದ್ದು ಇನ್ನೊಬ್ಬನಿಗೆ ಇಷ್ಟು ಸುಲಭವಾಗಿ ಬಂತೆಂದರೆ ಇಬ್ಬರಲ್ಲೊಬ್ಬ ಕಳ್ಳನಿರಲೇಬೇಕು. ಹುಮನಾಬಾದಿನವನಂತೂ ಈಗ ಇಲ್ಲಿಲ್ಲ.

"ಇಷ್ಟ ಜಲ್ದಿ ಹ್ಯಾಂಗ ಬಂತು?" ಎಂದು ಹುಬ್ಬು ಗಂಟಿಕ್ಕಿದಳು.

"ಬರ್ಲಿಲ್ಲಂದ್ರೂ ಬೈತೀರಿ, ಬಂದ್ರೂ ಬೈತೀರಿ" ಎಂದು ಯೂನುಸ್ ನಕ್ಕ. ಧೂಳಮ್ಮ ನಗಲಿಲ್ಲ.

ಮಧ್ಯಾಹ್ನದೊಳಗೆ ಎಣ್ಣೆಯ ಸೀಲು ಬದಲಾಯಿತು. ಯೂನುಸ್ ಪುಲ್ಲಿ ಕೂರಿಸಿ, ಬೋಲ್ಟನ್ನು ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಿ ಬಿಟ್ಟ. ಭಾರದ ಸಾಕೆಟ್ಟು ಬಿಚ್ಚುವುದಕ್ಕೆ ಮಾತ್ರ. ಬಿಗಿಯಲು ಬೇರೆ ಪಾನಾ ಇದೆ, ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಿಕ್ ಎನ್ನುತ್ತದೆ. ಆ ಪಾನಾ ಪಕ್ಕದ ಅಂಗಡಿಗೆ ಹೋಗಿತ್ತು. ಅಷ್ಟರಲ್ಲಿ ಜುಮ್ಮಾ ನಮಾಜಿನ ಹೊತ್ತಾಯಿತು, ಯೂನುಸ್ ಕೈ ತೊಳೆದು ಹೊರಟ. ಬಸವರಾಜ ಹಿತ್ತಲಲ್ಲಿ ಬುತ್ತಿ ಬಿಚ್ಚಿದ್ದ. ಓಂಪ್ರಕಾಶ ಎಂಜಿನ್ ಆಯಿಲ್ ತರಲು ಹೋಗಿದ್ದ. ಗಾಡಿಯ ಬಳಿ ಧೂಳಮ್ಮ ಒಬ್ಬಳೇ ಉಳಿದಳು.

ಬಾಯಿ ತೆರೆದು ನಿಂತ ಎಂಜಿನ್ನನ್ನು ನೋಡುತ್ತಾ ಅವಳಿಗೆ ಹೊಳೆಯಿತು. ಇಷ್ಟು ವರ್ಷ ತಾನು ಕುರಿ ಕಳೆದುಕೊಳ್ಳದೆ ಬದುಕಿದ್ದು ಹೇಗೆ? ಗುರುತಿನಿಂದ. ಬಾವಿ ಕಟ್ಟೆಯಲ್ಲಿ ಎರಡು ಹಿಂಡು ಕಲೆತು ಎಷ್ಟೇ ಗದ್ದಲವಾದರೂ ಕುರಿಯ ಬೆನ್ನ ಮೇಲಿನ ಗೀರು ನೋಡಿದ ಮೇಲೆ ಯಾರೂ ಮಾತಾಡುವುದಿಲ್ಲ. ಸೊಂಟದ ಚೀಲದಿಂದ, ಕುರಿಗೆ ಗುರುತು ಹಾಕುವ ಕೆಂಪು ಬಣ್ಣದ ಪುಟ್ಟ ಡಬ್ಬಿ ತೆಗೆದಳು. ಬ್ಯಾಟರಿಯ ಅಡಿಗೆ ಒಂದು ಚುಕ್ಕೆ, ರೇಡಿಯೇಟರಿನ ಹಿಂಬದಿಗೆ ಒಂದು ಚುಕ್ಕೆ, ಹೀಗೆ ಕಳ್ಳರ ಕಣ್ಣಿಗೆ ಬೀಳದ ಜಾಗಗಳಲ್ಲೇ ಇಟ್ಟಳು. ಬೋಲ್ಟಿಗೆ ಮಾತ್ರ ಮರೆಯ ಜಾಗ ಇರಲಿಲ್ಲ. ಅದರ ತಲೆಯಿಂದ ಪುಲ್ಲಿಯವರೆಗೆ ಒಂದೇ ನೇರ ಗೀರು ಎಳೆದಳು. ಬೋಲ್ಟು ಬದಲಾದರೆ ಗೀರು ತುಂಡಾಗುತ್ತದೆ, ಆಗ ಸಿಕ್ಕಿಬಿದ್ದಂತೆ. ತನ್ನ ಜಾಣತನಕ್ಕೆ ತಾನೇ ಬೀಗಿ, ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು.

ನಮಾಜು ಮುಗಿಯುವಷ್ಟರಲ್ಲಿ ಹೆದ್ದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತ ಕರೆ ಬಂದು ಯೂನುಸ್ ಅಲ್ಲಿಂದಲೇ ಅತ್ತ ಹೋದ. ಬಸವರಾಜ ಉಂಡು ಬಂದು ಎಂಜಿನ್ನಿನೊಳಗೆ ಬಗ್ಗಿದ. ಬೋಲ್ಟನ್ನು ಒಂದು ಕ್ಷಣ ನೋಡಿ, ತಲೆಯಾಡಿಸಿ, ಬೆಲ್ಟುಗಳನ್ನು ಏರಿಸತೊಡಗಿದ. ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಧೂಳಮ್ಮ ಅದನ್ನೂ ನೋಡಿದಳು. ಈ ಮೂಗ ತಲೆಯಾಡಿಸಿದ್ದು ಯಾಕೆ? ಕೇಳಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡಳು. ಗಾಡಿ ಚಾಲೂ ಆಯಿತು, ಒಂದು ಹನಿ ಎಣ್ಣೆ ಸೋರಲಿಲ್ಲ. ಹೊರಡುವ ಮುನ್ನ ಬಗ್ಗಿ ಚುಕ್ಕೆಗಳನ್ನೂ ಗೀರನ್ನೂ ನೋಡಿಕೊಂಡಳು, ಎಲ್ಲವೂ ಇದ್ದಲ್ಲೇ ಇದ್ದವು.

ರಾಜೇಶ್ವರದಲ್ಲಿ ಅಮೋಘಸಿದ್ದಪ್ಪ ಈದ ಕುರಿಗಳನ್ನೂ ಮರಿಗಳನ್ನೂ ಗಾಡಿಗೆ ಹೇರಿ, ತಾನು ಉಳಿದ ಹಿಂಡನ್ನು ನಡೆಸಿಕೊಂಡು ಹೊರಟ. ಹುಮನಾಬಾದ್ ಹತ್ತಿರವಾಗಿ ಕಾರ್ಖಾನೆಗಳ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಎಂಜಿನ್ನಿನೊಳಗೆ ಏನೋ ಕಟಕಟ ಎಂದಿತು. ಓಂಪ್ರಕಾಶ ಕಾಲು ಸಡಿಲಿಸುವ ಮೊದಲೇ ಸ್ಟೇರಿಂಗಿಗೂ ಬ್ರೇಕಿಗೂ ಬಲ ಕೊಡುವ ಬೆಲ್ಟು ಪಟಾರನೆ ಹಾರಿತು. ಸ್ಟೇರಿಂಗು ಕಲ್ಲಿನಂತೆ ಬಿಗಿಯಿತು. ಬ್ರೇಕಿನ ಮೇಲೆ ನಿಂತರೂ ಗಾಡಿ ನಿಲ್ಲಲೊಲ್ಲದು. ಎದುರಿಗೆ ಲಾರಿ. ಓಂಪ್ರಕಾಶ ಇಡೀ ಮೈಯನ್ನು ಸ್ಟೇರಿಂಗಿಗೆ ಹಾಕಿ ಎಳೆದು ಗಾಡಿಯನ್ನು ರಸ್ತೆ ಬದಿಯ ಮುರುಮು ಮಣ್ಣಿನ ರಾಶಿಗೆ ಹತ್ತಿಸಿದ. ಹಿಂದೆ ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು ಚೀರಿದವು. ಧೂಳಮ್ಮ ಇಳಿದು ಒಂದೊಂದನ್ನೂ ಮುಟ್ಟಿ ನೋಡಿದಳು. ಎಲ್ಲ ಬದುಕಿದ್ದವು. ಆಮೇಲೆ ಓಂಪ್ರಕಾಶನ ಫೋನು ಕಸಿದುಕೊಂಡಳು.

ಫೋನಿನಲ್ಲಿ ಯೂನುಸನ ಏಳು ತಲೆಮಾರು ಜಾಲಾಡಿದಳು. "ನನ್ನ ಮಗನ್ನ ಕೊಲ್ಲಾಕ ನಿಂತಿದ್ದ್ಯಾ? ನಿಮ್ಮ ಮಾರಿ ನೋಡಿದಾಗೇ ಅನ್ಕೊಂಡಿದ್ದೆ!" ಹೇಳಬೇಕೆಂದರೆ, ಆ ಭಯದ ನಡುವೆಯೂ ಅವಳೊಳಗೆ ಒಂದು ತಣ್ಣನೆಯ ಸಮಾಧಾನವಿತ್ತು. ತಾನು ಅನುಮಾನಪಟ್ಟಿದ್ದು ಸುಳ್ಳಾಗಲಿಲ್ಲವಲ್ಲ.

ಇಬ್ಬರೂ ಒಂದೇ ಬೈಕಿನಲ್ಲಿ ಸಾಮಾನಿನ ಚೀಲ ಹೊತ್ತು ಹಾರಿಬಂದರು. ಯೂನುಸ್ ಬಗ್ಗಿ ಪುಲ್ಲಿ ಮುಟ್ಟಿದ. ಅದು ಅಲ್ಲಾಡಿತು. ಬೋಲ್ಟು ಅರ್ಧ ಹೊರಗೆ ಬಂದಿತ್ತು. ಅವನು ಬಸವರಾಜನ ಕಡೆ ತಿರುಗಿದ.

"ಬಸಣ್ಣ, ಬಿಗಿ ಮಾಡೇ ಇಲ್ಲ ಇದು. ಬಿಗಿ ಮಾಡಲಾರ್ದ ಗುರ್ತು ಹ್ಯಾಂಗ ಹಾಕ್ದಿ?"

"ನಾ ಯಾಕ ಹಾಕ್ಲಿ? ನೀ ಹಾಕಿ ಹೋಗಿದ್ದಿ. ಕೆಂಪು ಗೀರು ನೋಡೇ ನಾ ಬೆಲ್ಟ್ ಏರಿಸಿದ್ದು."

"ನಾ ಹಾಕಿಲ್ಲ. ಖುದಾನ ಆಣಿ."

"ಹಂಗಾದ್ರ ತಾನೇ ಬಂದು ಕೂತದೇನು ಗೀರು?"

"ಎಂಥಾ ಗುರ್ತು?" ಎಂದು ಓಂಪ್ರಕಾಶ ಕೇಳಿದ. ಯೂನುಸ್ ಬೋಲ್ಟಿನ ತಲೆ ತೋರಿಸಿದ. ಬಿಗಿದವನು ನೇಲ್ ಪಾಲಿಶಿನಿಂದ ಬೋಲ್ಟಿನಿಂದ ಪುಲ್ಲಿಯವರೆಗೆ ಒಂದು ಕೆಂಪು ಗೀರು ಎಳೆಯಬೇಕು, ಗೀರು ಇದ್ದ ಬೋಲ್ಟನ್ನು ಇನ್ನೊಬ್ಬ ಮುಟ್ಟಿಯೂ ನೋಡುವುದಿಲ್ಲ. ಅಂಗಡಿ ಇಟ್ಟ ದಿನದಿಂದ ಇಬ್ಬರ ನಡುವಿನ ಕರಾರು ಅದೊಂದೇ.

ಧೂಳಮ್ಮ ಸೊಂಟದ ಚೀಲವನ್ನು ಸೆರಗಿನಿಂದ ಮುಚ್ಚಿಕೊಂಡಳು. ಹಿಂದೆ ಗಾಡಿಯಲ್ಲಿ ನಿಂತ ಕುರಿಗಳ ಬೆನ್ನ ಮೇಲೆಲ್ಲ ಅದೇ ಕೆಂಪು. ಯಾರೂ ಕುರಿಗಳತ್ತ ನೋಡುತ್ತಿರಲಿಲ್ಲ. ಅವಳು ಸುಮ್ಮನಿದ್ದರೆ ಯಾರಿಗೂ ಎಂದಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿರಲು ಅವಳಿಗೆ ಆಸೆಯೂ ಆಯಿತು.

ಜಗಳ ಬೋಲ್ಟು ಬಿಟ್ಟು ಎಲ್ಲೆಲ್ಲೋ ಹೋಯಿತು. ಊಟದ ಆತುರಕ್ಕೆ ಬಸವರಾಜ ಗೀರೆಳೆದು ಕೈ ತೊಳೆದ ಎಂದು ಇವನು, ಲಾರಿಯ ಕೆಲಸ ಕಂಡು ಯೂನುಸ್ ಓಡಿದ ಎಂದು ಅವನು. ಕೊನೆಗೆ ಯೂನುಸ್ ಚೀಲದಿಂದ ಭಾರದ ಸಾಕೆಟ್ಟನ್ನು ತೆಗೆದು ಬಸವರಾಜನ ಎದೆಗೆ ಒತ್ತಿದ. "ಇದು ಇಬ್ಬರೂ ಕೂಡಿ ತಂದಿದ್ದು. ನೀನೇ ಇಟ್ಕೋ. ನಾಳಿಂದ ನೀ ಬ್ಯಾರೆ, ನಾ ಬ್ಯಾರೆ." ಬಸವರಾಜ ಅದನ್ನು ಹಿಡಿಯಲಿಲ್ಲ. ಗಾಡಿಯ ಸೀಟಿನ ಮೇಲೆ ಕುಕ್ಕಿದ. ಅವನ ಕಣ್ಣು ತುಂಬಿತ್ತು.

"ನಿಲ್ಲಸ್ರಪ್ಪಾ!" ಎಂದು ಧೂಳಮ್ಮ ಕೂಗಿಯೇ ಬಿಟ್ಟಳು. ಡಬ್ಬಿ ತೆಗೆದು, ಗಾಡಿಯಿಂದ ಒಂದು ಮರಿಯನ್ನು ಎತ್ತಿಕೊಂಡು ಅದರ ಬೆನ್ನಿಗೆ ಒಂದು ಗೀರೆಳೆದು, ಬೋಲ್ಟಿನ ಪಕ್ಕ ತಂದು ಹಿಡಿದಳು. "ನಾ ಹಾಕಿದ್ದು. ಕುರಿ ಬಣ್ಣ ಅದು. ನೀವು ಬೋಲ್ಟ್ ಬದಲಿ ಮಾಡ್ತೀರಂತ ಹಾಕ್ದೆ."

ಓಂಪ್ರಕಾಶ ತಲೆ ತಗ್ಗಿಸಿದ. ಬಸವರಾಜ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ನೀವು ನಮ್ಮನ್ನ ನಂಬಲಿಲ್ಲ, ಹೋಗ್ಲಿ ಬಿಡ್ರಿ ಅವ್ವಾ. ನಮಗೇನು ನೀವು ಪರಿಚಯದವರಲ್ಲ" ಎಂದ. "ಈಂವ ನನ್ನ ನಂಬಲಿಲ್ಲ. ನಾನೂ ಇವನ್ನ ನಂಬಲಿಲ್ಲ."

ಯೂನುಸ್ ಕೆಲಸಕ್ಕಿಳಿದ. ಪುಣ್ಯಕ್ಕೆ ಪುಲ್ಲಿ ಒಡೆದಿರಲಿಲ್ಲ. ಹಳೆಯ ಬೋಲ್ಟು ತೆಗೆದು ಹೊಸದನ್ನು ಹಾಕಿ ಬಿಗಿದ. ಪಾನಾ ಟಿಕ್ ಎಂದಿತು. ನೇಲ್ ಪಾಲಿಶ್ ತೆಗೆದು ಗೀರೆಳೆದ. ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ್ದ ಬಸವರಾಜ ಮುಂದೆ ಬಂದು, ಅದೇ ಪಾನಾ ಇಸಿದುಕೊಂಡು, ಬೋಲ್ಟಿಗೆ ಮತ್ತೊಮ್ಮೆ ಕೊಟ್ಟು ನೋಡಿದ. ಮತ್ತೆ ಟಿಕ್ ಎಂದಿತು. ಯೂನುಸನ ಮುಖ ಸಪ್ಪಗಾಯಿತು. ಧೂಳಮ್ಮನ ಹೊಟ್ಟೆಯ ಅನುಮಾನದ ಹುಳ ಈಗ ಅವರಿಬ್ಬರ ಹೊಟ್ಟೆಗೂ ಇಳಿದಿತ್ತು.

ಬೆಲ್ಟು ಏರಿಸಿದ ಮೇಲೆ ಯೂನುಸ್ ಬೈಕು ಚಾಲೂ ಮಾಡಿ ಹಿಂದಿನ ಸೀಟು ಒರೆಸಿದ. ಬಸವರಾಜ ಅದನ್ನು ಕಂಡೂ ಕಾಣದವನಂತೆ "ನಾ ಬಸ್ಸಿಗೆ ಬರ್ತೀನಿ" ಎಂದು ಊರಿನ ಕಡೆ ನಡೆದ. ಯೂನುಸ್ ಸ್ವಲ್ಪ ಹೊತ್ತು ಕಾದು, ಒಬ್ಬನೇ ಹೋದ.

ಧೂಳಮ್ಮ ಗಾಡಿ ಹತ್ತಿ ಕೂತಾಗ ತೊಡೆಗೆ ಏನೋ ಗಟ್ಟಿಯಾಗಿ ಒತ್ತಿತು. ಭಾರದ ಸಾಕೆಟ್ಟು. ಅವನು ಒಯ್ದಿರಬೇಕೆಂದು ಇವನು, ಇವನು ಒಯ್ದಿರಬೇಕೆಂದು ಅವನು ಬಿಟ್ಟು ಹೋಗಿದ್ದರು. ನಾಳೆ ಬೆಳಿಗ್ಗೆ ಅಂಗಡಿಯಲ್ಲಿ ಇದು ಕಾಣದಿದ್ದರೆ ಯಾರು ಯಾರ ಕಡೆ ಬೆರಳು ತೋರಿಸುತ್ತಾರೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಗಾಡಿ ತಿರುಗ್ಸು" ಎಂದಳು.

"ಎಲ್ಲಿಗಿ? ನಿರ್ಣಾಕ್ಕ ಹೊತ್ತಾಗ್ತದ ಯವ್ವಾ. ಮರಿ ಹಸದಾವ."

"ಅವುಗಳ ತಾಯಿ ಹಿಂದೇ ಅದಾವ, ಕುಡೀತಾವ. ಕಲ್ಯಾಣಕ್ಕ ನಡಿ. ಇಬ್ಬರೂ ಅಂಗಡಿಗಿ ಬರೋತನ ನಾ ಬಾಗಲದಾಗೇ ಕೂಡ್ತೀನಿ."

ಓಂಪ್ರಕಾಶ ಗಾಡಿ ತಿರುಗಿಸಿದ. ಧೂಳಮ್ಮ ಸಾಕೆಟ್ಟನ್ನು ಎರಡೂ ಕೈಯಿಂದ ಮಡಿಲಲ್ಲಿ ಹಿಡಿದುಕೊಂಡಳು.