ತೇದ ಬಂಗಾರ

ನನ್ನ ಮಗಳ ರಕ್ತದಲ್ಲಿ ಸೀಸ ಇದೆ ಎಂದು ವರದಿ ಬಂದ ದಿನ ಮನೆಯವರೆಲ್ಲರ ಕಣ್ಣು ನನ್ನ ಚಪ್ಪಲಿಯ ಮೇಲೆ ಬಿತ್ತು. ಗದಗಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ನನ್ನ ಕೆಲಸವೇ ಸೀಸ ಹುಡುಕುವುದು. ಮುಂಡರಗಿ ರಸ್ತೆಯಲ್ಲಿ ಹಳೆಯ ಬ್ಯಾಟರಿ ಒಡೆಯುವ ಶೆಡ್ಡಿದೆ. ಅದರ ಸುತ್ತಲಿನ ಮಣ್ಣು ತಂದು, ಅದನ್ನು ಬಿಲ್ಲೆಯಾಗಿ ಒತ್ತಿ, ಲೇಸರ್ ಹೊಡೆದು, ಯಾವ ಲೋಹ ಎಷ್ಟಿದೆ ಎಂದು ಅಳೆಯುತ್ತೇನೆ.

ನೀಲಾಗೆ ಇನ್ನೂ ವರ್ಷ ತುಂಬಿರಲಿಲ್ಲ. ಕುಡಿದ ಹಾಲು ಕಕ್ಕುತ್ತಿದ್ದಳು, ಮೈ ಬಿಳಿಚಿತ್ತು, ಎತ್ತಿಕೊಂಡರೆ ಕತ್ತು ಜೋಲುತ್ತಿತ್ತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಔಷಧ ಕೊಡ್ತೀನ್ರಿ. ಆದ್ರ ಸೀಸ ಎಲ್ಲಿಂದ ಹೊಟ್ಟಿಗೆ ಹೋಗಾಕತ್ತೈತಿ, ಅದನ್ನ ಮೊದಲ ಹುಡುಕ್ರಿ. ನಿಲ್ಲಲಿಲ್ಲ ಅಂದ್ರ ಮಿದುಳಿಗೆ ಏರ್ತೈತಿ. ಮಿದುಳು ಕೆಟ್ಟಮ್ಯಾಲೆ ಯಾರ ಕೈಯಾಗೂ ಏನಿಲ್ಲ."

"ಹುಡುಕೂದೇನೈತಿ?" ಬೆಟಗೇರಿಯ ಮನೆಯ ಹೊಸ್ತಿಲು ದಾಟುವ ಮೊದಲೇ, ಡಾಕ್ಟರ ಹತ್ತಿರ ಜೊತೆಗೆ ಬಂದಿದ್ದ ಅತ್ತೆ ಕರಿಯವ್ವ ಶುರು ಮಾಡಿದರು. "ದಿನಾ ಆ ವಿಷದ ಮಣ್ಣ ಸೆರಗಿಗೆ ಹಚ್ಕೊಂಡು ಬಂದು ಕೂಸಿಗೆ ಹಾಲು ಕುಡಸ್ತಾಳ. ನೌಕರಿ ಸಾಕು ಮಾಯಾ. ಮನ್ಯಾಗ ಕುಂಡ್ರು."

ಗಂಡ ಸುಭಾಷ ನಾನು ಬಿಟ್ಟ ಚಪ್ಪಲಿಯನ್ನು ಕಾಲಿನಿಂದ ಅಂಗಳದಾಚೆ ಸರಿಸಿದ. ಅವನೂ ಅವ್ವನ ಪಕ್ಷವೇ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಈ ಸಲ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಅತ್ತೆ ಹೇಳಿದ್ದೇ ನಿಜವಾಗಿದ್ದರೆ? ನನ್ನ ಕೂಸಿಗೆ ನಾನೇ ವಿಷ ಉಣಿಸಿದ್ದರೆ?

ಮರುದಿನ ಮಣ್ಣಿನ ಬಿಲ್ಲೆಗಳನ್ನು ಬದಿಗಿಟ್ಟು ನನ್ನ ಸೆರಗಿನ ಚೂರು, ಚಪ್ಪಲಿಯ ದೂಳು, ಚೀಲದ ತಳದ ಕಸ ಎಲ್ಲವನ್ನೂ ಲೇಸರಿನ ಕೆಳಗಿಟ್ಟೆ. ಲೇಸರ್ ತಾಗಿದ ಚುಕ್ಕೆ ಚಟ್ ಎಂದು ಕಿಡಿಯಾಗುತ್ತದೆ. ಆ ಕಿಡಿಯ ಬೆಳಕನ್ನು ಯಂತ್ರ ಬಿಡಿಸಿ ತೋರಿಸಿದಾಗ ಒಂದೊಂದು ಲೋಹವೂ ತನ್ನ ಜಾಗದಲ್ಲೇ ಗೆರೆ ಎಬ್ಬಿಸುತ್ತದೆ. ಸೀಸದ ಜಾಗ 405.8 ನ್ಯಾನೊಮೀಟರ್. ಅಲ್ಲೇ ಕಣ್ಣು ನೆಟ್ಟೆ. ಏನೂ ಏಳಲಿಲ್ಲ.

ನನ್ನಿಂದಲ್ಲ ಎಂಬ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಕುಂಕುಮ ನೋಡಿದೆ, ಅರಿಷಿಣ ನೋಡಿದೆ, ಕಾಡಿಗೆ, ರಾಗಿಹಿಟ್ಟು, ಕೂಸು ಆಡುವ ಗಿಲಕಿಯ ಬಣ್ಣ, ತಟ್ಟೆಯಲ್ಲಿ ಒಣಗಿಸಿದ ನಳದ ನೀರು. ಎಲ್ಲವೂ ಚೊಕ್ಕ. ನಾನು ಇಲ್ಲಿ ಹುಡುಕುತ್ತಿರುವಾಗ ಅಲ್ಲಿ ಮನೆಯಲ್ಲಿ ನೀಲಾ ಅದನ್ನು ಮತ್ತೆ ನುಂಗುತ್ತಿರುತ್ತಾಳೆ ಎಂಬ ಯೋಚನೆ ಬಿಡದೆ ಕಾಡುತ್ತಿತ್ತು.

ಸಂಜೆ ನೇರವಾಗಿ ಕೇಳಿಬಿಟ್ಟೆ. "ಅತ್ತಿ, ನೀವು ಕೂಸಿಗೆ ಏನೇನ ಕೊಡ್ತೀರಿ?"

"ಬಜಿ, ಜೇನತುಪ್ಪ, ಬಂಗಾರ. ಯಾಕ, ಅದಕ್ಕೂ ಹೆಸರಿಡ್ತೀಯೇನು?"

ಲಕ್ಷ್ಮೇಶ್ವರದ ತವರಿನಿಂದ ಬಂದ ಬೋರಮಾಳ ಸರದ ಒಂದು ಬಂಗಾರದ ಗುಂಡು ಅವರ ಬಳಿ ಇತ್ತು. ದಿನಾ ಮುಂಜಾನೆ ಬಜೆಬೇರಿನ ಜೊತೆ ಅದನ್ನೂ ಜೇನುತುಪ್ಪದಲ್ಲಿ ಕಲ್ಲಿನ ಮೇಲೆ ತೇದು ಕೂಸಿಗೆ ನೆಕ್ಕಿಸುತ್ತಿದ್ದರು. ಬಂಗಾರ ತೇದು ಕೊಟ್ಟರೆ ಬುದ್ಧಿ ಚುರುಕಾಗುತ್ತದೆ ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು. ಹಾಗಾಗಿ ನಾನೂ ಅದರ ಬಗ್ಗೆ ಯೋಚಿಸಿರಲಿಲ್ಲ.

"ಸುಭಾಷ ಗಟ್ಟಿ ಹುಟ್ಟಿದ್ದ, ಅವಂಗ ಬೇಕಾಗಲಿಲ್ಲ," ಎಂದರು ಅತ್ತೆ. "ಮೌನೇಶ ಅಂಗೈಯಷ್ಟಿದ್ದ. ಉಳಿಯಂಗಿಲ್ಲ ಅಂದಿದ್ರು. ಮುಂಜಾನಿ ಸಂಜಿ ಇದನ್ನ ತೇದು ನೆಕ್ಕಿಸಿ ಉಳಿಸ್ಕೊಂಡೀನಿ."

ಮೌನೇಶ ನನ್ನ ಮೈದುನ. ಮೂವತ್ತು ದಾಟಿದೆ, ಮನಸ್ಸು ಮಾತ್ರ ಐದಾರು ವರ್ಷದ ಹುಡುಗನದು. ಶಾಲೆ ಹತ್ತಲಿಲ್ಲ, ಸಂತೆಗೆ ಕಳಿಸಿದರೆ ಮನೆಯ ದಾರಿ ಮರೆಯುತ್ತಾನೆ. ಆದರೆ ನೀಲಾ ಅವನ ಹೆಗಲ ಮೇಲೆ ನಿದ್ದೆ ಹೋದಷ್ಟು ಸುಖವಾಗಿ ನನ್ನ ಮಡಿಲಲ್ಲೂ ಮಲಗುವುದಿಲ್ಲ.

ಆ ಗುಂಡನ್ನೂ ಯಂತ್ರದಲ್ಲಿ ನೋಡಬೇಕು ಎಂದೆ.

"ನಾಳಿ ಗುಂಡು, ಕಲ್ಲು ತೊಗೊಂಡು ನಾನ ಬರ್ತೀನಿ," ಅತ್ತೆ ಸವಾಲು ಹಾಕಿದರು. "ನನ್ನ ಕಣ್ಣಮುಂದ ಮಾಡು. ಬಂಗಾರ ಚೊಕ್ಕ ಐತಿ ಅಂತ ಬಂತಂದ್ರ ಅವತ್ತಿಗೆ ನಿನ್ನ ನೌಕರಿ ಮುಗೀತು."

"ಆತ್ರಿ," ಎಂದೆ, ಅವರಷ್ಟೇ ಗಡಸಾಗಿ.

ಮರುದಿನ ಮೌನೇಶ ನೀಲಾಳನ್ನು ಎತ್ತಿಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತ. ನನ್ನ ಜೊತೆ ಕೆಲಸ ಮಾಡುವ ಅಶ್ಫಾಕ ಅತ್ತೆಗೆ ಲೇಸರಿನ ಕನ್ನಡಕ ಹಾಕಿಸಿದ. ನಾನು ಕಲ್ಲಿನ ಮೇಲೆ ತೇದು ಒಣಗಿದ ಕಲೆಗೆ ಗುರಿಯಿಟ್ಟೆ.

ಚಟ್. ಮೊದಲು ಕಲ್ಲಿನ ಸುಣ್ಣದ ಗೆರೆಗಳು ಬಂದವು. ಆಮೇಲೆ ಬಂಗಾರದ್ದೊಂದು ಸಣ್ಣ ಗೆರೆ. "ಬಂಗಾರ ಐತ್ರಿ ಅಜ್ಜಿ," ಅಶ್ಫಾಕ ಹೇಳಿದ. ಅತ್ತೆ ನನ್ನತ್ತ ನೋಡಿ ನಕ್ಕರು.

ನಾನು 405.8ರತ್ತ ನೋಡುತ್ತಿದ್ದೆ. ಅಲ್ಲಿ ಗೆರೆ ಎದ್ದಿತ್ತು. ಶೆಡ್ಡಿನ ಪಕ್ಕದ ಮಣ್ಣಿನಲ್ಲಿ ಕೂಡ ಅಷ್ಟೆತ್ತರದ ಗೆರೆ ನಾನು ಕಂಡಿರಲಿಲ್ಲ. ಜಾಗ ಬದಲಿಸಿ ಹೊಡೆದೆ, ಮತ್ತೆ ಎದ್ದಿತು. ಸೀಸದ ಇನ್ನೊಂದು ಗೆರೆಯ ಜಾಗ ನೋಡಿದೆ, ಅಲ್ಲೂ ಇತ್ತು.

ಗುಂಡನ್ನು ಭೂತಗಾಜಿನ ಕೆಳಗೆ ಹಿಡಿದೆ. ಒಂದು ಮಗ್ಗುಲು ತೇದು ತೇದು ಬಂಗಾರದ ತಗಡು ಹರಿದಿತ್ತು. ಒಳಗಿನ ಕಪ್ಪು ಕಾಣುತ್ತಿತ್ತು.

"ಅದು ಅರಗು," ಅತ್ತೆ ಅಂದರು. "ಗುಂಡಿನೊಳಗ ಅರಗು ತುಂಬೂದು ಯಾರಿಗೆ ಗೊತ್ತಿಲ್ಲ? ಅದರಿಂದ ಏನಾಗ್ತೈತಿ?"

ಆ ಕಪ್ಪಿಗೆ ಗುರಿಯಿಟ್ಟು ಹೊಡೆದೆ. ಪರದೆಯ ತುಂಬ ಸೀಸವೇ.

"ಅರಗಲ್ಲ ಅತ್ತಿ. ಗುಂಡು ಭಾರ ಆಗ್ಲಿ ಅಂತ ಅಕ್ಕಸಾಲಿ ಸೀಸ ಎರದಾನ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದಿತ್ತು. ನೀಲಾಗೆ ಇನ್ನು ಔಷಧ ಹತ್ತುತ್ತದೆ, ನೌಕರಿ ಉಳಿಯಿತು. ಹೇಳಬೇಕೆಂದು ನಾಲ್ಕು ಮಾತು ಕೂಡಿಟ್ಟುಕೊಂಡೂ ಬಂದಿದ್ದೆ. ಹೇಳಲೆಂದು ಅತ್ತೆಯತ್ತ ತಿರುಗಿದೆ. ಅವರು ಪರದೆಯನ್ನು ನೋಡುತ್ತಿರಲಿಲ್ಲ. ಬಾಗಿಲಾಚೆ, ಬೆಂಚಿನ ಮೇಲೆ ನೀಲಾಳ ಕಾಲ್ಬೆರಳು ಎಣಿಸಲು ಹೋಗಿ ಮೂರಕ್ಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದ ಮೌನೇಶನನ್ನು ನೋಡುತ್ತಿದ್ದರು.

"ಮಾಯಾ, ಮುಂಜಾನಿ ಸಂಜಿ ಕೊಟ್ಟೀನಿ ಅವಂಗ. ಅವಾಗಿಂದು ಹೇಳ್ತೈತೇನು ಈ ಯಂತ್ರ?"

"ಇಲ್ಲ ಅತ್ತಿ. ಅದನ್ನ ಯಾವ ಯಂತ್ರಾನೂ ಹೇಳಂಗಿಲ್ಲ."

ನಾನು ಹೇಳಿದ್ದು ನಿಜ. ಆದರೆ ಡಾಕ್ಟರು ಮಿದುಳಿನ ಮಾತು ಹೇಳಿದಾಗ ಅತ್ತೆಯೂ ನನ್ನ ಪಕ್ಕದಲ್ಲೇ ಕುಳಿತಿದ್ದರು. ಕನ್ನಡಕ ತೆಗೆದು ಅಶ್ಫಾಕನ ಕೈಗಿತ್ತು ಹೊರಗೆ ನಡೆದರು. ಗುಂಡು ಮೇಜಿನ ಮೇಲೆಯೇ ಉಳಿಯಿತು.

ನಾನು ಹೊರಗೆ ಬಂದಾಗ ಅವರು ಮಗನ ಮುಂದೆ ನಿಂತು, ಸೆರಗಿನ ತುದಿಯಿಂದ ಅವನ ತುಟಿ ಒರೆಸುತ್ತಿದ್ದರು. ಒರೆಸಿದರು, ಮತ್ತೆ ಒರೆಸಿದರು. ಮೌನೇಶ ನಗುತ್ತಾ ಮುಖ ಆಚೆ ತಿರುಗಿಸಿದ.

"ಬಿಡಬೇ ಯವ್ವಾ. ನಾ ಏನೂ ತಿಂದಿಲ್ಲ."